ಪ್ರತಿಕ್ರಿಯೆ: ಸಿಂಹಗಡದ ಕರ್ಣಕುಂಡಲ ಕುಳ್ಳಗಿರುವುದೇಕೆ?

ನಮಸ್ಕಾರ. ಪುಣೆ ಬಳಿಯ ಸಿಂಹಗಡ ಕೋಟೆಬೆಟ್ಟದ ನೆತ್ತಿಯಲ್ಲಿ ಕರ್ಣಕುಂಡಲದ ಗಿಡ (ನಮ್ಮ ಪುಣೆಯವರ ತೇರಡಾ) ಗೇಣುದ್ದಕ್ಕೇ ಹೂ ಬಿಟ್ಟಿರುವುದನ್ನೂ ಬುಡದಲ್ಲಿ ಮೊಳಕಾಲೆತ್ತರ ಬೆಳೆದಿರುವುದನ್ನೂ ಕಂಡ ತಾವು, ಜೇನುನೊಣಗಳು ಪರಾಗವನ್ನು ಬೆರೆಸುತ್ತಲೇ ಇರುವಾಗ ಈ ವ್ಯತ್ಯಾಸ ಹೇಗೆ ಉಳಿಯುತ್ತದೆಂದು ಕೇಳಿದ್ದೀರಿ.

ಅದು ವಂಶವಾಹಿಗಳ ವ್ಯತ್ಯಾಸವೇ ಎಂಬುದನ್ನು ಮೊದಲು ನೋಡಬೇಕು. ತೆಳುಮಣ್ಣು ಮತ್ತು ಗಾಳಿಯಿಂದಲೂ ಗಿಡ ಕುಳ್ಳಾಗಬಹುದು. ಎರಡೂ ಕಡೆಯ ಬೀಜಗಳನ್ನು ಜೂನ್‌ನಲ್ಲಿ ತಮ್ಮ ಬಾಲ್ಕನಿಯ ಕುಂಡಗಳಲ್ಲಿ ಒಂದೇ ಮಣ್ಣಿಗೆ ಹಾಕಿ, ಅಂತರ ಉಳಿಯುತ್ತದೆಯೇ ಎಂದು ಗಮನಿಸಿ. ಬಲಿತ ಕಾಯಿ ಬೆರಳು ತಾಗಿದೊಡನೆ ಸಿಡಿಯುವುದರಿಂದ ಮೊದಲೇ ತೆಳುಬಟ್ಟೆ ಕಟ್ಟಿಡುವುದು ಒಳ್ಳೆಯದು. ಸಿಡಿದ ಬೀಜ ಕೆಲವೇ ಅಡಿ ದೂರ ಬೀಳುತ್ತದೆ ಎಂಬುದೂ ತಮ್ಮ ಪ್ರಶ್ನೆಗೆ ಅರ್ಧ ಉತ್ತರವೇ.

ಉಳಿದರ್ಧ ನಿಸರ್ಗದ ಆಯ್ಕೆಯ, ಅಂದರೆ ಆ ನೆಲಕ್ಕೆ ಹೊಂದುವ ಗಿಡಗಳೇ ಹೆಚ್ಚು ಉಳಿಯುವುದರ, ಬಲದ್ದು. ಪ್ರತಿ ಪೀಳಿಗೆಗೆ ಹೊರಗಿನ ಒಂದೆರಡು ಗಿಡಗಳ ವಂಶವಾಹಿಗಳು ಬಂದು ಸೇರಿದರೂ ಎರಡು ಕಡೆಯ ಗಿಡಗಳು ಕೇವಲ ಆಕಸ್ಮಿಕದಿಂದ ಬೇರೆಬೇರೆಯಾಗಿ ಕವಲೊಡೆಯುವುದು ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಆದರೆ ಹಾಗೆ ಬಂದ ಗುಣವುಳ್ಳ ಸಸಿಗಳನ್ನು ಆ ನೆಲವೇ ವರ್ಷವರ್ಷವೂ ಕೊಂದುಹಾಕುವಲ್ಲಿ ಆ ಲೆಕ್ಕ ನಡೆಯುವುದಿಲ್ಲ. ವೇಲ್ಸ್‌ನ ಟ್ರೆಲೋಗನ್‌ನಲ್ಲಿ, ಸತುವಿನ ಹಳೆಯ ಗಣಿಯ ವಿಷಮಣ್ಣಿನಲ್ಲಿ ಬೆಳೆದ ಹುಲ್ಲು ಲೋಹವನ್ನು ತಾಳಿಕೊಳ್ಳುತ್ತದೆ, ಕೆಲವೇ ಮೀಟರ್ ಆಚೆಯ ಅದೇ ಜಾತಿಯ ಹುಲ್ಲು ತಾಳಿಕೊಳ್ಳುವುದಿಲ್ಲ. ಅವುಗಳ ನಡುವೆ ಪರಾಗ ಗಾಳಿಯಲ್ಲಿ ಹಾರಾಡುತ್ತಲೇ ಇರುತ್ತದೆ. ನನಗೆ ಹೆಚ್ಚು ಸ್ವಾರಸ್ಯವೆನಿಸಿದ ಸಂಗತಿಯೆಂದರೆ, ಗಣಿಯ ಹುಲ್ಲು ಸುಮಾರು ಒಂದು ವಾರ ಮೊದಲೇ ಹೂ ಬಿಡುವುದರಿಂದ ಬೆರಕೆಯೂ ತಗ್ಗುತ್ತದೆ.

ಆದ್ದರಿಂದ ಈ ಮಳೆಗಾಲ ಎತ್ತರದ ಜೊತೆಗೆ, ಮೇಲೆ ಮತ್ತು ಕೆಳಗೆ ಮೊದಲ ಹೂವರಳಿದ ದಿನಾಂಕಗಳನ್ನೂ ದಯವಿಟ್ಟು ಬರೆದಿಟ್ಟುಕೊಳ್ಳಿ.