ಅಂಗಡಿಯವರು ‘ನಾವು ತಯಾರಿಸಿಲ್ಲ’ ಎಂದರೆ ಮುಗಿಯಿತೇ?

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳು ಇಲ್ಲಿಯ ಅಂಗಡಿಯೊಂದರಲ್ಲಿ ಕೊಂಡ ವಿದೇಶಿ ಕ್ರೀಮನ್ನು ಮೂರು ತಿಂಗಳು ಮುಖಕ್ಕೆ ಹಚ್ಚಿದಳು. ಮೊದಲು ಬಣ್ಣ ತಿಳಿಯಾಯಿತು; ಹಚ್ಚುವುದನ್ನು ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿಯುತ್ತಿದೆ. ಅದೇ ಅಂಗಡಿಯಿಂದ ನಾನು ತಂದ, ‘ಶುದ್ಧ ಗಿಡಮೂಲಿಕೆ’ ಎಂದು ಬರೆದಿರುವ ತೂಕ ಇಳಿಸುವ ಕ್ಯಾಪ್ಸೂಲ್ ನುಂಗಿದರೆ ಎದೆಬಡಿತ ಹೆಚ್ಚುತ್ತದೆ. ಕೇಳಿದರೆ ‘ನಾವು ತಯಾರಿಸಿಲ್ಲ’ ಎನ್ನುತ್ತಾರೆ. ಸರ್ಕಾರ ಏನಾದರೂ ಮಾಡಬಲ್ಲದೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಿ, ಇಬ್ಬರೂ ವೈದ್ಯರನ್ನು ಕಾಣಿರಿ, ಎರಡೂ ಡಬ್ಬಿಗಳನ್ನು ಜೊತೆಗೆ ಒಯ್ಯಿರಿ. ನೀವು ವಿವರಿಸಿದ ಉರಿ ಸ್ಟೀರಾಯ್ಡ್ ಬೆರೆತ ಕ್ರೀಮ್‌ಗಳನ್ನು ಬಿಟ್ಟಾಗ ಸಾಮಾನ್ಯವಾಗಿ ಕಾಣುವಂಥದ್ದು. ಬಣ್ಣ ತಿಳಿಗೊಳಿಸುವ ಕ್ರೀಮ್‌ಗಳಲ್ಲಿ ಪಾದರಸವೂ ಇರುವುದುಂಟು; ಅದಿದ್ದರೆ ಹಾನಿ ಚರ್ಮಕ್ಕೇ ನಿಲ್ಲದೆ ಮೂತ್ರಪಿಂಡವನ್ನು ತಲುಪುತ್ತದೆ. ಆದ್ದರಿಂದ ಮಗಳಿಗೆ ಮೂತ್ರ ಪರೀಕ್ಷೆ ಬೇಕೇ ಎಂದೂ ಕೇಳಿರಿ. ಇಂಥ ಕ್ರೀಮ್‌ನಲ್ಲಿ ಅರಿಯದೆ ಸೇರಿದ ಪಾದರಸ ಕೂಡ 10 ಲಕ್ಷ ಭಾಗಕ್ಕೆ 1 ಭಾಗವನ್ನು ಮೀರಬಾರದೆಂದು 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ದಾಳಿ ನಡೆಸಿದ್ದು ಇಂಥ ಸರಕಿನ ಮೇಲೆಯೇ. ಇನ್ನು ಗಿಡಮೂಲಿಕೆಯ ಹೆಸರಿನ ಕ್ಯಾಪ್ಸೂಲ್‌ಗಳಲ್ಲಿ ಹಸಿವು ಕುಗ್ಗಿಸುವ ಸಿಬುಟ್ರಮಿನ್ ಎಂಬ ಔಷಧ ಅಡಗಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿಸುವ ಆ ಔಷಧವನ್ನು ಭಾರತ 2011ರಲ್ಲೇ ನಿಷೇಧಿಸಿತು. ನಿಮ್ಮ ಡಬ್ಬಿಯಲ್ಲಿ ಏನಿದೆಯೆಂದು ಪ್ರಯೋಗಾಲಯವೇ ಹೇಳಬೇಕು.

‘ನಾವು ತಯಾರಿಸಿಲ್ಲ’ ಎಂಬ ಮಾತು ಕಾನೂನಿನ ಮುಂದೆ ಸಾಲದು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 18ನೇ ಕಲಂ ನಕಲಿ ಅಥವಾ ಸುಳ್ಳು ಲೇಬಲ್ಲಿನ ಸರಕನ್ನು ತಯಾರಿಸುವುದನ್ನಷ್ಟೇ ಅಲ್ಲ, ಮಾರುವುದನ್ನೂ ಮಾರಾಟಕ್ಕೆ ದಾಸ್ತಾನಿಡುವುದನ್ನೂ ನಿಷೇಧಿಸುತ್ತದೆ; 18ಎ ಕಲಮಿನಂತೆ, ಔಷಧ ಪರಿವೀಕ್ಷಕರು ಕೇಳಿದಾಗ ಆ ಸರಕನ್ನು ಯಾರಿಂದ ಪಡೆದೆನೆಂಬುದನ್ನು ಹೆಸರು, ವಿಳಾಸ ಸಮೇತ ತಿಳಿಸುವುದು ಅಂಗಡಿಯವರ ಕರ್ತವ್ಯ. ಮದುವೆ ಗೊತ್ತಾದ ಹುಡುಗಿಯರಿಗೆ ‘ಬೇಗ ಬೆಳ್ಳಗಾಗುತ್ತೀರಿ’ ಎಂದು ಇಂಥ ಡಬ್ಬಿ ದಾಟಿಸುವವರ ಬಗ್ಗೆ ಪತ್ರಗಳು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಕಲಂಗಳಿರುವುದು ಅಂಥ ಮಾರಾಟಗಾರರನ್ನು ಹಿಡಿಯಲೆಂದೇ.

ಅಂಗಡಿಯವರೊಂದಿಗೆ ಇನ್ನು ವಾದ ಬೆಳೆಸಬೇಡಿ, ಸುಳಿವು ಸಿಕ್ಕರೆ ದಾಸ್ತಾನು ಮರೆಯಾಗುತ್ತದೆ. ದಾವಣಗೆರೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ನೀವು ಬಳಸಿದ ಡಬ್ಬಿಯಲ್ಲಿ ನೀವೇ ಏನೋ ಬೆರೆಸಿದಿರೆಂದು ಎದುರಾಳಿಗಳು ವಾದಿಸಬಹುದಾದ್ದರಿಂದ, ಪರಿವೀಕ್ಷಕರು ಅಂಗಡಿಯಿಂದಲೇ ಮಾದರಿ ಪಡೆದು, ಮೊಹರು ಹಾಕಿ, ಸರ್ಕಾರಿ ವಿಶ್ಲೇಷಕರಿಗೆ ಕಳುಹಿಸುವುದೇ ಗಟ್ಟಿಯಾದ ದಾರಿ. ದೂರಿನಲ್ಲಿ ಬ್ಯಾಚ್ ಸಂಖ್ಯೆ ಬರೆಯಿರಿ. ವಿದೇಶಿ ಕ್ರೀಮ್ ಆಗಿದ್ದರೆ ಆಮದುದಾರರ ಹೆಸರು, ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಲೇಬಲ್ಲಿನ ಮೇಲಿರಬೇಕು; ಇಲ್ಲದಿದ್ದರೆ ಆ ಕೊರತೆಯನ್ನೇ ದೂರಿನ ಮೊದಲ ಸಾಲಾಗಿಸಿ. ಅದೇ 1940ರ ಕಾಯ್ದೆಯ 26ನೇ ಕಲಮಿನಂತೆ ನೀವೇ ನಿಗದಿತ ಶುಲ್ಕ ಕಟ್ಟಿ ಪರೀಕ್ಷೆ ಕೋರಲೂ ಬಹುದು.

ಚಿಕಿತ್ಸೆಯ ಖರ್ಚು ಮತ್ತು ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷಗಳೊಳಗೆ ಹೋಗಬೇಕು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ರಸೀದಿ ಕೊಟ್ಟಿರದಿದ್ದರೆ, ಮೊಬೈಲಿನಲ್ಲಿ ಹಣ ಪಾವತಿಸಿದ ದಾಖಲೆಯನ್ನು ಈಗಲೇ ಮುದ್ರಿಸಿ ವೈದ್ಯರ ಚೀಟಿಯೊಂದಿಗೆ ಇಟ್ಟುಕೊಳ್ಳಿರಿ.