ಹಾಡು ನಡೆಸುವ ಅಣ್ಣನ ತಕ್ಕಡಿ

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಹಳ್ಳಿ, ಮೆಥೋಡಿಸ್ಟ್ ಸಭೆಯವರು. ಆರಾಧನೆಯಲ್ಲಿ ಹಾಡು ನಡೆಸುವ ಗೆಳೆಯ ನನಗಿಂತ ಹಿರಿಯ, ಹತ್ತಿ ಖರೀದಿ ಮಾಡುತ್ತಾನೆ. ಸೂಟಿನ (ತೂಕದಲ್ಲಿ ಮಾಡುವ ಕಡಿತದ) ಹೆಸರಲ್ಲಿ ರೈತರಿಂದ ಕ್ವಿಂಟಲ್‌ಗೆ 2 ಕೆ.ಜಿ. ಮುರಿದುಕೊಳ್ಳುವುದನ್ನು ಕಣ್ಣಾರೆ ಕಂಡೆ. ಹೇಳೋಣವೆಂದರೆ ಅವನಿಗೆ ನಾನೇ 20,000 ರೂಪಾಯಿ ಕೈಗಡ ತೀರಿಸುವುದಿದೆ. ಏನು ಮಾಡಲಿ?

ಉತ್ತರ: ಹೇಳಲೇಬೇಕು. ಬೈಬಲಿನಲ್ಲಿ ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ನೋಡಿ. 17ನೇ ವಚನ ನೆರೆಯವನ ತಪ್ಪನ್ನು ಅವನಿಗೇ ತಿಳಿಸು ಎನ್ನುತ್ತದೆ. 35, 36ನೇ ವಚನಗಳು ತೂಕ, ಅಳತೆ ನ್ಯಾಯವಾಗಿರಲಿ ಎನ್ನುತ್ತವೆ. ನಿಮ್ಮ ಸಂಕಟದ ಎರಡೂ ಮುಖ ಒಂದೇ ಅಧ್ಯಾಯದಲ್ಲಿವೆ.

ಮೊದಲು ಕೈಗಡ. ಅದು ಬಾಕಿ ಇರುವಷ್ಟು ದಿನ ನಿಮ್ಮ ಬಾಯಿ ಕಟ್ಟಿರುತ್ತದೆ, ಅವನಿಗೂ ತಿರುಗಿಸಿ ಕೇಳಲು ಮಾತು ಸಿಗುತ್ತದೆ. ಒಮ್ಮೆಗೇ ತೀರಿಸಲಾಗದಿದ್ದರೆ ಒಂದು ಕಂತನ್ನಾದರೂ ಕೊಡಿ, ಉಳಿದದ್ದಕ್ಕೆ ತಾರೀಖು ಹೇಳಿ. ಮತ್ತಾಯ 7:5 ಕೇಳುವ ಕ್ರಮವೇ ಇದು: ಮೊದಲು ನಿಮ್ಮ ಕಣ್ಣಿನ ತೊಲೆ, ಆಮೇಲೆ ಸಹೋದರನ ಕಣ್ಣಿನ ರವೆ. "ತೀರ್ಪು ಮಾಡಬೇಡಿರಿ" ಎಂದು ಅವನು ಅದೇ ಅಧ್ಯಾಯ ಹಿಡಿದರೆ, ರವೆ ತೆಗೆಯಬೇಡ ಎಂದು ಯೇಸು ಹೇಳಲಿಲ್ಲ ಎಂಬುದು ನೆನಪಿರಲಿ.

ಆಮೇಲೆ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಎಲ್ಲ ಕಡಿತವೂ ಕಳ್ಳತನವಲ್ಲ. ಖಾಲಿ ಚೀಲವನ್ನು ರೈತನ ಮುಂದೆಯೇ ತೂಗಿ ಕಳೆದರೆ ನ್ಯಾಯ. ಹಸಿ ಹತ್ತಿಗೆ ತೇವಾಂಶ ಅಳೆದು ಕಳೆದರೂ ನ್ಯಾಯ. ಸರ್ಕಾರಿ ಸಂಸ್ಥೆಯಾದ ಭಾರತೀಯ ಹತ್ತಿ ನಿಗಮದ (ಸಿಸಿಐ) ಖರೀದಿಯಲ್ಲೂ ತೇವಾಂಶ ಶೇ 8ಕ್ಕಿಂತ ಹೆಚ್ಚಿದ್ದರೆ ದರ ಇಳಿಯುತ್ತದೆ, 12 ದಾಟಿದರೆ ಕೊಳ್ಳುವುದಿಲ್ಲ. ಏನನ್ನೂ ಅಳೆಯದೆ ಎಲ್ಲರಿಂದಲೂ ಒಂದೇ ಸಮ 2 ಕೆ.ಜಿ. ಮುರಿದರೆ ಅದು ಅನ್ಯಾಯ. ಕ್ವಿಂಟಲ್‌ಗೆ 7,000 ದರವೆಂದುಕೊಂಡರೆ, 20 ಕ್ವಿಂಟಲ್ ತಂದ ರೈತನ 2,800 ರೂಪಾಯಿ ಹೋಯಿತು. ತಕ್ಕಡಿಯ ಮೇಲೆ ಕಾನೂನು ಮಾಪನ ಇಲಾಖೆ ಪರೀಕ್ಷಿಸಿ ಹಾಕುವ ಮುದ್ರೆಯನ್ನೂ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು.

ಹೋಗುವಾಗ ಒಬ್ಬರೇ ಹೋಗಿ. ಮತ್ತಾಯ 18:15 ಹೇಳುವುದೂ ಅದನ್ನೇ, ನಮ್ಮ ಸಭೆಗಳಲ್ಲಿ ಎಡವುವುದೂ ಅಲ್ಲೇ. "ಒಬ್ಬ ಸಹೋದರನಿಗಾಗಿ ಪ್ರಾರ್ಥಿಸಿ" ಎಂದು ಕೂಟದಲ್ಲಿ ಎದ್ದು ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ. ಪ್ರಾರ್ಥನೆಯ ಹೆಸರಿನ ಚಾಡಿ ಅದು. ವಾಟ್ಸ್‌ಆ್ಯಪ್ ಗುಂಪಿಗೆ ವಚನ ಹಾಕಿ ಚುಚ್ಚುವುದೂ ಬೇಡ. ತೂಕ ನಡೆಯುವಾಗ, ಹಮಾಲರ ಎದುರು ಬಾಯಿ ತೆರೆಯಬೇಡಿ. ಸಂಜೆ, ಕೆಲಸ ಮುಗಿದ ಮೇಲೆ ಇಷ್ಟೇ ಹೇಳಿ: "ಅಣ್ಣಾ, ಮೊನ್ನೆ ತೂಕ ಆಗುವಾಗ ನಾನಲ್ಲೇ ಇದ್ದೆ. ಕ್ವಿಂಟಲಿಗೆ ಎರಡು ಕೆ.ಜಿ. ಮುರಕೊಂಡಿ. ಯಾತಕ್ಕ?" ಕೇಳಿ ಸುಮ್ಮನಾಗಿ. ಹಾಡು ನಡೆಸುವ ವಿಷಯ ಎತ್ತಬೇಡಿ. ಎತ್ತಿದರೆ ಮಾತು ತೂಕ ಬಿಟ್ಟು ಮಾನಕ್ಕೆ ಹೋಗುತ್ತದೆ.

"ಎಲ್ಲರೂ ಮುರೀತಾರ" ಎಂಬ ಉತ್ತರ ಬರಬಹುದು. ಮೆಥೋಡಿಸ್ಟರ ಮೂಲಕ್ಕೇ ಹೋಗಿ: ಜಾನ್ ವೆಸ್ಲಿ 1743ರಲ್ಲಿ ಪ್ರಕಟಿಸಿದ ಸಾಮಾನ್ಯ ನಿಯಮಗಳಲ್ಲಿ ಸುಂಕ ಕಟ್ಟದ ಸರಕಿನ ವ್ಯಾಪಾರ ಕೂಡದು, ಕೊಳ್ಳುವಾಗ ಮಾರುವಾಗ ಹೆಚ್ಚು ಮಾತು ಕೂಡದು ಎಂದೂ ಇದೆ. ಅಂಗಡಿಯ ನಡತೆ ಅವರಿಗೆ ಭಕ್ತಿಯ ಭಾಗವೇ ಆಗಿತ್ತು.

ಎರಡು ವಾರ ಕೊಡಿ. ಕಡಿತ ನಿಲ್ಲದಿದ್ದರೆ ಅವನು ಗೌರವಿಸುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಅದಕ್ಕೂ ಬಗ್ಗದಿದ್ದರೆ ಪಾಸ್ಟರ್. ಹಾಡು ನಡೆಸಬೇಕೋ ಬೇಡವೋ ಎಂಬುದು ಅವರ ತೀರ್ಮಾನ, ನಿಮ್ಮದಲ್ಲ. ಈ ನಡುವೆ ರೈತರು ಬೇರೆ ಕಡೆ ತೂಗಿಸಿಕೊಂಡು ಬಂದರೆ, ಕಾನೂನು ಮಾಪನ ಇಲಾಖೆಗೆ ದೂರು ಕೊಟ್ಟರೆ ಅಡ್ಡ ಬರಬೇಡಿ. ಗೆಳೆಯನನ್ನು ತಿದ್ದುವ ಭರದಲ್ಲಿ ಕಳೆದುಕೊಂಡವರನ್ನು ಮರೆಯುವಂತಿಲ್ಲ.

ಅವನು ಒಪ್ಪಿದರೆ "ದೇವರಿಗೆ ಸ್ತೋತ್ರ" ಎಂದು ಎದ್ದು ಬರಬೇಡಿ. ಬೈಬಲಿನ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟು ಹಿಂದೆ ಕೊಡುತ್ತೇನೆಂದ. ಅರಣ್ಯಕಾಂಡ 5:7 ಅಸಲಿಗೆ ಐದನೇ ಒಂದು ಭಾಗ ಸೇರಿಸಿ ಕೊಡಿಸುತ್ತದೆ. ಆ 2,800ಕ್ಕೆ 3,360. ಅಷ್ಟು ಆಗದಿದ್ದರೂ ಅಸಲು ಹಿಂದಿರುಗಲಿ. ಯಾರ ಹತ್ತಿ ಎಷ್ಟು ಎಂಬುದು ಅವನ ಪಟ್ಟಿ ಪುಸ್ತಕದಲ್ಲೇ ಸಿಗುತ್ತದೆ. ಒಂದು ಸಂಜೆ ಜೊತೆಗೆ ಕುಳಿತು ಹೆಸರು, ಮೊತ್ತ ಬರೆದುಕೊಳ್ಳಿ. ಸಣ್ಣ ಹಿಡುವಳಿಯವರಿಂದ ಶುರು ಮಾಡಿಸಿ, ಮುಂದಿನ ಬಿತ್ತನೆಗೆ ಮುಂಚೆ ಅವರ ಕೈಗೆ ಹಣ ಸೇರಬೇಕು.