ಪ್ರತಿಕ್ರಿಯೆ: ಕ್ಲಬ್ಬಿನ ಸ್ನೂಕರ್ ನೇರಪ್ರಸಾರವನ್ನು ಯಾರೂ ಕೊನೆಯವರೆಗೆ ನೋಡುತ್ತಿಲ್ಲ

ನೋಡುಗರು ಅರ್ಧಕ್ಕೇ ಎದ್ದು ಹೋಗಲು ಪಂದ್ಯದ ಉದ್ದ ಮತ್ತು ಮೇಜಿನ ಪಕ್ಕದಲ್ಲಿ ಇಟ್ಟಿರುವುದಾಗಿ ನೀವು ಹೇಳಿದ ಕ್ಯಾಮೆರಾ ಕಾರಣವಿರಬೇಕು. ಪಕ್ಕದಿಂದ ನೋಡಿದರೆ ಆಟಗಾರ ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಎಲ್ಲಿ ನಿಂತಿತೆಂಬುದೇ ತಿಳಿಯುವುದಿಲ್ಲ. ಸ್ನೂಕರ್‌ನ ಜೀವವಿರುವುದೇ ಅಲ್ಲಿ.

ಮೊದಲು, ಪಂದ್ಯ ಚಿಕ್ಕದಾಗಲು, ಹದಿನೈದರ ಬದಲು ಆರು ಕೆಂಪು ಚೆಂಡುಗಳ ಸ್ನೂಕರ್ ಆಡಿಸಿ. 1969ರಲ್ಲಿ ಬಿಬಿಸಿ ಆರಂಭಿಸಿದ ‘ಪಾಟ್ ಬ್ಲ್ಯಾಕ್’ ಎಂಬ ಟಿವಿ ಕಾರ್ಯಕ್ರಮ, ಪಂದ್ಯವನ್ನು ಒಂದೇ ಸುತ್ತಿಗೆ, ಅಂದರೆ ಒಂದು ಫ್ರೇಮ್‌ಗೆ ಇಳಿಸಿ ಬ್ರಿಟನ್ನಿನ ಮನೆಗಳಿಗೆ ಈ ಆಟವನ್ನು ತಲುಪಿಸಿತು. ಬಳಿಕ ಕ್ಯಾಮೆರಾವನ್ನು ಆಟ ಶುರುವಾಗುವ ತುದಿಯಲ್ಲಿ, ಎತ್ತರದಿಂದ ಇಡೀ ಮೇಜು ಕಾಣುವಂತೆ ಇಡಿ. ಬೆಳಕಿನ ಪ್ರಮಾಣವನ್ನು ಕ್ಯಾಮೆರಾದಲ್ಲಿ ಸ್ಥಿರಗೊಳಿಸಿ. ಇಲ್ಲವಾದರೆ ದೀಪದಡಿ ಹಳದಿ ಚೆಂಡೂ ಬಿಳಿಯಂತೆ ಕಾಣುತ್ತದೆ. ಅಂಕಗಳು ಸದಾ ತೆರೆಯ ಮೇಲಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ವೀಕ್ಷಕ ವಿವರಣೆ. ಅದು ಕನ್ನಡದಲ್ಲೇ ಇರಬೇಕೆಂಬುದು ನನ್ನ ಹಠ. ಸ್ನೂಕರ್ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿಯವರು ಬೆಳೆದ ಬೆಂಗಳೂರು ಇದು! ಹಳೆಯ ಆಟಗಾರರೊಬ್ಬರನ್ನು ಕೂರಿಸಿ. ಮುಂದಿನ ಗುರಿ ಯಾವುದು, ಅದಕ್ಕಾಗಿ ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಹೊಡೆತಕ್ಕೆ ಮೊದಲೇ ಹೇಳಲಿ. ನಮ್ಮಲ್ಲಿ ಹೊಸಬರನ್ನು ಹಿಡಿದು ಕೂರಿಸಿದ್ದು ಇದೇ.

ಇಂಥದೇ ಮೇಜಿನ ಮೇಲೆ ಮೂರೇ ಚೆಂಡುಗಳಿಂದ ಆಡುವ ಬಿಲಿಯರ್ಡ್ಸ್‌ಗೂ ಇದು ಫಲಿಸುತ್ತದೆಂದು ಖಚಿತವಾಗಿ ಹೇಳಲಾರೆ; ಅದರ ಅಂಕಗಳ ಲೆಕ್ಕ ಹೊಸಬರಿಗೆ ಬೇಗ ಹತ್ತುವುದಿಲ್ಲ. ಸದ್ಯಕ್ಕೆ ಸ್ನೂಕರ್ ಸೆಮಿಫೈನಲ್ ಮತ್ತು ಫೈನಲ್‌ಗಳನ್ನು ಮಾತ್ರ ಹೀಗೆ ಪ್ರಸಾರ ಮಾಡಿ.